ಸಾಲಗಾರನ ಕಡೆಯ ವಕೀಲ

ಹೋದ ವರ್ಷ ಚಿಕ್ಕಮ್ಮನಿಗೆ ಬ್ಯಾಂಕಿನಿಂದ ನೋಟೀಸು ಬಂತು. ಅರವತ್ತು ದಿನಗಳಲ್ಲಿ ಬಾಕಿ ಕಟ್ಟದಿದ್ದರೆ ಮನೆ ವಶಪಡಿಸಿಕೊಳ್ಳುತ್ತೇವೆ ಎಂದಿತ್ತು. ಫೋನು ಮಾಡಿ ಆಕೆ ಮೊದಲು ಕೇಳಿದ್ದು: "ಜಾಸ್ತಿ ಫೀಸು ಕೇಳದ, ಮೋಸ ಮಾಡದ ವಕೀಲರು ಯಾರಾದ್ರೂ ಗೊತ್ತೇನೋ?"

ಆ ದಿನಗಳಲ್ಲಿ ನಾನು ಓದುತ್ತಿದ್ದದ್ದು 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ. ಚಿಕ್ಕಮ್ಮನ ಪ್ರಶ್ನೆ ಅದರೊಳಗೂ ಇತ್ತು.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ದಂಗೆ ಹಬ್ಬಿದ ಊರುಗಳಲ್ಲೆಲ್ಲ ಅವರು ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಏರಿದ್ದ ಹತ್ತಿಯ ಬೆಲೆ 1865ರ ನಂತರ ಕುಸಿದಿತ್ತು, ಕಂದಾಯ ಹೆಚ್ಚಿತ್ತು. 1859ರ ಕಾಲಮಿತಿ ಕಾಯಿದೆ ಸಾದಾ ಸಾಲಪತ್ರಕ್ಕೆ ಮೂರೇ ವರ್ಷದ ಆಯುಸ್ಸು ಕೊಟ್ಟಿತ್ತು. ರೈತನಿಗೆ ಅನುಕೂಲವಾಗಲೆಂದು ಮಾಡಿದ್ದು ತಿರುಗುಬಾಣವಾಯಿತು. ಅವಧಿ ಮುಗಿಯುವ ಹೊತ್ತಿಗೆ ಸಾಹುಕಾರ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ದಾವೆ ಹೂಡಿದರೆ ರೈತ ಎಷ್ಟೋ ಸಲ ಕೋರ್ಟಿನ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ದಾರಿಖರ್ಚು, ವಕೀಲನ ಖರ್ಚು, ಮೇಲೆ ಭಯ. ಡಿಕ್ರಿ ಏಕಪಕ್ಷೀಯವಾಗಿ ಆಗಿಬಿಡುತ್ತಿತ್ತು.

ಪುಣೆ, ಸಾತಾರಾ, ಅಹ್ಮದ್‌ನಗರ ಮತ್ತು ಕನ್ನಡದ ಗಡಿಯ ಸೊಲ್ಲಾಪುರ ಜಿಲ್ಲೆಗಳಿಗೆ ಬಂದ ಹೊಸ ಕಾಯಿದೆ ಇದನ್ನು ಗಮನಿಸಿತ್ತು. ಪತ್ರದಲ್ಲಿ ಏನೇ ಬರೆದಿರಲಿ, ವ್ಯವಹಾರದ ಚರಿತ್ರೆಯನ್ನು ಮೊದಲಿನಿಂದ ವಿಚಾರಿಸಬೇಕೆಂದು 12ನೇ ಕಲಮು ನ್ಯಾಯಾಧೀಶನಿಗೆ ಹೇಳಿತು. ನಿರ್ದಿಷ್ಟವಾಗಿ ಅಡವಿಡದ ಜಮೀನನ್ನು ಡಿಕ್ರಿಗಾಗಿ ಹರಾಜು ಹಾಕುವಂತಿಲ್ಲ ಎಂದಿತು 22ನೇ ಕಲಮು. ವಕೀಲರ ವಿಚಾರಕ್ಕೆ 68 ಮತ್ತು 69ನೇ ಕಲಮುಗಳಿದ್ದವು. ಮೊದಲನೆಯದು ಸಣ್ಣ ಮೊತ್ತದ ವ್ಯಾಜ್ಯಗಳಿಂದ ಎರಡೂ ಕಡೆಯ ವಕೀಲರನ್ನು ಹೊರಗಿಟ್ಟಿತು. ಎರಡನೆಯದರ ಪ್ರಕಾರ, ಎದುರಾಳಿಗೆ ವಕೀಲನಿದ್ದು ರೈತನಿಗೆ ನೇಮಿಸಿಕೊಳ್ಳುವ ಶಕ್ತಿ ಇಲ್ಲದಿದ್ದರೆ, ಅವನ ಒಪ್ಪಿಗೆ ಪಡೆದು ಕೋರ್ಟೇ ಅವನ ಪರವಾಗಿ ಒಬ್ಬರನ್ನು ಗೊತ್ತುಮಾಡಬಹುದಿತ್ತು.

ಮೊದಲ ಓದಿಗೆ ನನಗೆ ಹಿಡಿಸಿದ್ದು 68ನೇ ಕಲಮು. ವಕೀಲರಿಲ್ಲದ ಕೋರ್ಟು ಬಡವನ ಕೋರ್ಟು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಸಾಹುಕಾರನಿಗೆ ಓದು ಬರುತ್ತಿತ್ತು, ಲೆಕ್ಕದ ಪುಸ್ತಕ ಅವನದೇ, ಕೋರ್ಟಿನ ಮೆಟ್ಟಿಲು ಅವನಿಗೆ ಹೊಸದಲ್ಲ. ವಕೀಲರನ್ನು ಹೊರಗೆ ಕಳಿಸಿದರೂ ಅವನ ಅನುಕೂಲ ಒಳಗೇ ಉಳಿಯುತ್ತಿತ್ತು. 69ನೇ ಕಲಮು ಸಮಸ್ಯೆಯ ಹತ್ತಿರ ಬಂದಿತ್ತು, ಆದರೆ 'ಬಹುದು' ಎಂಬಲ್ಲಿ ನಿಂತುಬಿಟ್ಟಿತ್ತು. ಕೋರ್ಟು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದು ಹಕ್ಕಾಗಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಬಂತು. ಅದರ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತ, ಆದಾಯದ ಮಿತಿಯಿಲ್ಲ. ಇದು ನ್ಯಾಯಮಂಡಳಿಗಳಿಗೂ ಅನ್ವಯಿಸುತ್ತದೆ.

ಇದನ್ನೆಲ್ಲ ಓದಿಕೊಂಡಿದ್ದ ನಾನು ಚಿಕ್ಕಮ್ಮನಿಗೆ ಮೊದಲು ಕೊಟ್ಟದ್ದು ಸ್ನೇಹಿತನೊಬ್ಬನ ಪರಿಚಯದ ವಕೀಲರ ನಂಬರು. ಅವರು ಹೇಳಿದ ಫೀಸು ಕೇಳಿ ಚಿಕ್ಕಮ್ಮ ಸುಮ್ಮನಾದಳು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದೆಂದು ನನಗೆ ಹೊಳೆದದ್ದು ಎರಡು ವಾರದ ಮೇಲೆ. ಅರವತ್ತು ದಿನಗಳಲ್ಲಿ ಹದಿನಾಲ್ಕು ಹಾಗೇ ಹೋಗಿದ್ದವು.

ಅಲ್ಲಿಂದ ಬಂದ ವಕೀಲೆ ಚಿಕ್ಕಮ್ಮನಿಗೆ ಯಾವ ಭರವಸೆಯನ್ನೂ ಕೊಡಲಿಲ್ಲ. "ಸಾಲ ತೆಗೆದ ದಿನದಿಂದ ಇವತ್ತಿನವರೆಗಿನ ಪೂರ್ತಿ ಲೆಕ್ಕ ತನ್ನಿ, ನೋಡೋಣ" ಅಂದರು. ಪಕ್ಕದಲ್ಲಿ ಕೂತಿದ್ದ ನನಗೆ 12ನೇ ಕಲಮು ನೆನಪಾಯಿತು. ಈಕೆಯನ್ನು ನಂಬಬಹುದು ಅನ್ನಿಸಿತು.