ವಶೀಲಿ ಹೋಗಿ ಪರೀಕ್ಷೆ ಬಂದ ಕಥೆ

ನಾನು ಕಲಿತದ್ದು ಏಳನೇ ಇಯತ್ತೆ. ಹೊಲಾ ಮಾಡೋದು, ಗೀಗೀ ಪದಾ ಹಾಡೋದು ನನ್ನ ಕಸಬು. ಹರೇದಾಗ ಒಮ್ಮೆ ಉತಾರಾ ತರಲಿಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿ ಕುಂತವರು ಮರಾಠಿಯೊಳಗ ಮೊದಲು ಕೇಳಿದ್ದು, “ನೀ ಯಾರ ಕಡೆಯಾಂವ?” ಅಂತ. ಹೊಲದ ನಂಬರ ಕೇಳಲಿಲ್ಲ. ಆ ಮಾತು ಮನಸಿನಾಗ ಉಳೀತು. ಮುಂದೆ ನಮ್ಮ ವಾಚನಾಲಯದಾಗ ಇತಿಹಾಸ ಓದುವಾಗ ತಿಳೀತು: ನಮ್ಮನ್ನ ಆಳಿದ ಇಂಗ್ಲಂಡಿನ ಕಚೇರಿಯೊಳಗೂ ಒಂದು ಕಾಲಕ್ಕೆ ಇದೇ ಪ್ರಶ್ನೆ ಇತ್ತು.

ಅಲ್ಲಿ ಸರಕಾರಿ ನೌಕರಿ ಸಿಗಬೇಕಾದರೆ ಮಂತ್ರಿಗಳ, ದೊಡ್ಡ ಮನೆತನದವರ ಶಿಫಾರಸು ಬೇಕಿತ್ತು. ಇದನ್ನು ತಪಾಸ ಮಾಡಲು ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಇಬ್ಬರಿಗೆ ಹೇಳಿದ. ಒಬ್ಬ ಸ್ಟ್ಯಾಫರ್ಡ್ ನಾರ್ತ್‌ಕೋಟ್, ಇನ್ನೊಬ್ಬ ಖಜಾನೆ ಖಾತೆಯ ಹಿರಿಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ಈ ಟ್ರೆವೆಲ್ಯನ್ ಮೊದಲು ಹಿಂದುಸ್ತಾನದಾಗ ನೌಕರಿ ಮಾಡಿದಾಂವ, ಮೆಕಾಲೆಯ ತಂಗಿಯ ಗಂಡ. ಅವರ ವರದಿ 1854ರಲ್ಲಿ ಹೊರಬಂತು. ಸಾರ ಇಷ್ಟು: ಬೇರೆ ಕಡೆ ನೀಗದ ಮೈಗಳ್ಳರು ಕಚೇರಿ ಸೇರತಾರ, ಅದು ನಿಲ್ಲಬೇಕು, ಎಲ್ಲರಿಗೂ ತೆರೆದ ಪರೀಕ್ಷೆ ಇಡಿರಿ, ಕೆಲಸ ನೋಡಿ ಬಡ್ತಿ ಕೊಡಿರಿ.

ಸರಕಾರ ಹಿರಿಯ ಅಧಿಕಾರಿಗಳ, ಪಂಡಿತರ ಅಭಿಪ್ರಾಯ ಕೇಳಿ 1855ರಲ್ಲಿ ಅಚ್ಚು ಹಾಕಿಸಿತು. ನಮ್ಮ ಹರದೇಶಿ-ನಾಗೇಶಿ ಮೇಳದ ವಾದಾನೇ ಅದು! ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿದ್ದ ಜಾನ್ ಸ್ಟುವರ್ಟ್ ಮಿಲ್, ಇದು ಇಡೀ ದೇಶಕ್ಕೆ ಒಳ್ಳೆಯದು ಅಂದ. ಎಡ್ವಿನ್ ಚಾಡ್ವಿಕ್‌ನೂ ಹೌದಂದ. ವಸಾಹತು ಖಾತೆಯಲ್ಲಿ ಬಹಳ ವರ್ಷ ಸವೆಸಿದ ಜೇಮ್ಸ್ ಸ್ಟೀಫನ್ ಮಾತ್ರ ತಲೆ ಅಲ್ಲಾಡಿಸಿದ: ಪಗಾರ ಕಡಿಮೆ, ಕೆಲಸ ಬ್ಯಾಸರದ್ದು, ಜಾಣರು ಯಾಕ ಬರತಾರ? ಅಂಚೆ ಖಾತೆಯ ಆಂಥೊನಿ ಟ್ರೊಲೊಪ್ ಅಂತೂ 1858ರ ತನ್ನ ಕಾದಂಬರಿಯೊಳಗ ಟ್ರೆವೆಲ್ಯನ್ನನ್ನೇ ಪಾತ್ರ ಮಾಡಿ ಚ್ಯಾಷ್ಟಿ ಮಾಡಿದ.

1855ರಲ್ಲಿ ಪರೀಕ್ಷೆಗೆ ಆಯೋಗ ಬಂತು. ಆದರ ಶಿಫಾರಸು ತಂದವರಿಗಷ್ಟೇ ಪರೀಕ್ಷೆ. ಬಾಗಿಲು ತೆರೆದದ್ದು 1870ರಲ್ಲಿ. ಆಗಲೂ ವಿದೇಶಾಂಗ, ಗೃಹ ಖಾತೆ ಹೊರಗುಳಿದವು.

ಹಿಂದುಸ್ತಾನದ ಸಿವಿಲ್ ಸರ್ವಿಸಿಗೆ ಪರೀಕ್ಷೆ 1855ರಲ್ಲೇ ಶುರುವಾಯಿತು, ಆದರ ಲಂಡನ್ನಿನಾಗ. ಮೆಕಾಲೆಯ ಸಮಿತಿ ಹಾಕಿದ ಯಾದಿಯಲ್ಲಿ ಗ್ರೀಕಿಗೆ 750 ಅಂಕ, ಲ್ಯಾಟಿನ್ನಿಗೆ 750, ಸಂಸ್ಕೃತಕ್ಕೆ 375. ಕನ್ನಡ, ಮರಾಠಿಗೆ ಜಾಗಾನೇ ಇಲ್ಲ. 1863ರಲ್ಲಿ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು. ಮುಂದೆ ಅವರು ಕಾರವಾರದಾಗ ನ್ಯಾಯಾಧೀಶರಾಗಿದ್ದರು. ನಮ್ಮ ನೆಲದಾಗೂ ಆ ಪರೀಕ್ಷೆ ನಡೆದದ್ದು 1922ರಿಂದ. ಬಾಗಿಲು ತೆರೆದಿತ್ತು ಖರೆ, ಹೊಸ್ತಿಲು ಬಾಳ ಎತ್ತರ ಇತ್ತು.

ರೈತನಾಗಿ ಇನ್ನೊಂದು ಮಾತು ಹೇಳಲೇಬೇಕು. 1845ರಿಂದ ಐರ್ಲಂಡಿನಾಗ ಬಟಾಟಿ ಬೆಳೆ ಕೊಳೆತು ಬರ ಬಿದ್ದಾಗ ಪರಿಹಾರದ ಹಗ್ಗ ಇದೇ ಟ್ರೆವೆಲ್ಯನ್ ಕೈಯಾಗಿತ್ತು. ಸರಕಾರ ಕೈಬಿಚ್ಚಿ ಕೊಟ್ಟರ ಜನ ಸೋಮಾರಿಗಳಾಗ್ತಾರ ಅಂತ ಅವನ ನಂಬಿಕೆ. ಸುಮಾರು 10 ಲಕ್ಷ ಜನ ಸತ್ತರು. ಅವನೊಬ್ಬನೇ ಕಾರಣ ಅಲ್ಲ. ಆದರ ಅಷ್ಟು ಜಾಣನಿಗೆ, ಹಗಲಿರುಳು ದುಡಿಯುವಂಥವನಿಗೆ ಹಸಿದವರ ದನಿ ಕೇಳಲಿಲ್ಲ. ಅದನ್ನ ಅಳೆಯುವ ಪರೀಕ್ಷೆ ಅವನ ವರದಿಯೊಳಗ ಇರಲಿಲ್ಲ.

ಈಗ ನಮ್ಮ ಜತ್ತ ಕಡೆಯ ಹುಡುಗರು ಕನ್ನಡ ಸಾಲಿಯಾಗ ಕಲಿತು, ಮರಾಠಿಯೊಳಗ ಪರೀಕ್ಷೆ ಬರೀತಾರ. ಹೊಸ್ತಿಲು ಇನ್ನೂ ಎತ್ತರಾನೇ ಅದ. ಆದರೂ ವಶೀಲಿಗಿಂತ ಪರೀಕ್ಷೆ ನೂರು ಪಾಲು ಚಲೋ. ಅವರು ಗೆದ್ದು ಖುರ್ಚಿ ಮ್ಯಾಲೆ ಕುಂತ ದಿನ, ಉತಾರಾ ಕೇಳಲಿಕ್ಕೆ ಬಂದ ಮುದುಕನಿಗೆ “ಯಾರ ಕಡೆಯಾಂವ?” ಅನ್ನದೆ, “ಕುಂದರ್ರಿ ಅಜ್ಜಾರ, ಏನಾಗಬೇಕಿತ್ತು?” ಅಂತ ಕೇಳಲಿ.