ಗಾಡಿ ಬಿಡುವ ಜಾಗ

ಹಾಸನ ಜಿಲ್ಲೆಗೆ ಬರುವ ಪ್ರವಾಸಿಗರೆಲ್ಲ ಕೇಳುವ ಒಂದು ಊರಿನ ಹೆಸರಿನಲ್ಲೇ ಬಿಡಾರದ ನೆನಪಿದೆ. ಹಳೇಬೀಡು ಎಂದರೆ ಹಳೆಯ ಬೀಡು. ‘ಬಿಡು’ ಎಂಬ ಧಾತುವಿನಿಂದ ಬಂದ ಈ ಪದಕ್ಕೆ ಪಯಣದಲ್ಲಿ ತಂಗುವ ಜಾಗ, ಸೈನ್ಯದ ಪಾಳೆಯ, ವಾಸಸ್ಥಾನ ಎಂಬ ಅರ್ಥಗಳಿವೆ. ಹೊಯ್ಸಳರ ಶಾಸನಗಳು ರಾಜಧಾನಿಯನ್ನು ‘ನೆಲೆವೀಡು’ ಎಂದು ಕರೆಯುತ್ತವೆ. ನೆಲೆ ನಿಂತ ಬೀಡು ಅದು. ರೈತ ದಾರಿಯಲ್ಲಿ ಎತ್ತುಗಳನ್ನು ಬಿಚ್ಚಿ ‘ಗಾಡಿ ಬಿಟ್ಟೆ’ ಎನ್ನುವಾಗಲೂ ಬಳಸುವುದು ಅದೇ ಧಾತುವನ್ನು.

ಈ ಪದದ ಹಿಂದೆ ನಾನು ಬಿದ್ದದ್ದು ಒಂದು ಬೇಲಿಯಿಂದಾಗಿ. ಕ್ಷೇತ್ರಕಾರ್ಯಕ್ಕೆಂದು ದೊಡ್ಡಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಳೆನರಸೀಪುರದಿಂದ ಅರಕಲಗೂಡಿನ ಕಡೆ ಹೊರಟಿದ್ದೆ. ದಾರಿ ಬದಿಯ ಮರಗಳ ಕೆಳಗೆ ಬಣ್ಣದ ಟೆಂಟುಗಳಿದ್ದವು. ಪಕ್ಕದಲ್ಲಿ ಹಾಸಿಗೆ, ಅಡುಗೆಮನೆ ಎಲ್ಲ ಇರುವ ಒಂದು ಕ್ಯಾರವಾನ್ ನಿಂತಿತ್ತು. ಸುತ್ತ ತಂತಿಬೇಲಿ, ಗೇಟಿನಲ್ಲಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಫಲಕ. ದೊಡ್ಡಪ್ಪ ಗಾಡಿ ನಿಲ್ಲಿಸಲು ಹೇಳಿ, ಸ್ವಲ್ಪ ಹೊತ್ತು ನೋಡಿ ಅಂದರು: “ರಾಮನಾಥಪುರದ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗೋವಾಗ ನಿಮ್ಮ ತಾತ ಇಲ್ಲೇ ಕಣಮ್ಮ ಗಾಡಿ ಬಿಡ್ತಿದ್ದದ್ದು.”

ಆ ಜಾಗ ಈಗ ಯಾರ ಹೆಸರಿನಲ್ಲಿದೆ ಎಂದು ಹುಡುಕುವುದು ನನ್ನ ಉದ್ದೇಶವಲ್ಲ. ದಾರಿಯಲ್ಲಿ ಕತ್ತಲಾದರೆ ಎಲ್ಲಿ ನಿಲ್ಲಬಹುದು, ನಿಲ್ಲುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ತಾತನ ಕಾಲದ ಉತ್ತರ ಗುಂಡುತೋಪು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಾವು, ನೇರಳೆ, ಹುಣಸೆ, ಹೊಂಗೆ ಮರಗಳ ಈ ತೋಪುಗಳು ಊರಿನ ಸಾಮಾನ್ಯ ಆಸ್ತಿ. ಕಂದಾಯ ದಾಖಲೆಗಳಲ್ಲಿ ಇಂದಿಗೂ ಅವುಗಳಿಗೆ ಅದೇ ಹೆಸರಿದೆ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರಾಮನಾಥಪುರ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟ, ಇವೆರಡೂ ದನಗಳ ಜಾತ್ರೆಗೆ ಹೆಸರಾದವು. ಹಳ್ಳಿಕಾರ್ ಎತ್ತುಗಳನ್ನು ಲಾರಿಗೆ ಹತ್ತಿಸುವ ಕಾಲಕ್ಕೆ ಮೊದಲು ರೈತರು ನಡೆದೇ ಹೋಗುತ್ತಿದ್ದರು. ನಮ್ಮೂರಿನಿಂದ ರಾಮನಾಥಪುರ ಎರಡು ದಿನದ ದಾರಿ. ಹಿಂದೆ ಬರುವ ಗಾಡಿಯಲ್ಲಿ ಹುಲ್ಲು, ಹುರುಳಿ, ರಾಗಿಹಿಟ್ಟು, ಕಂಬಳಿ. ರಾತ್ರಿ ತೋಪಿನಲ್ಲಿ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸುವುದು, ಎತ್ತುಗಳನ್ನು ಗಾಡಿಯ ಚಕ್ರಕ್ಕೆ ಕಟ್ಟಿ ಅದೇ ಗಾಡಿಯ ಕೆಳಗೆ ಮಲಗುವುದು. ಇಂದಿನ ಕ್ಯಾರವಾನಿನಲ್ಲಿ ಇರುವ ಹಾಸಿಗೆ, ಅಡುಗೆ, ಉಗ್ರಾಣ ಅಂದಿನ ಗಾಡಿಯಲ್ಲೂ ಇದ್ದವು. ಬಾಡಿಗೆ ಮಾತ್ರ ಇರಲಿಲ್ಲ.

ಹಾಗೆಂದು ಅದನ್ನು ಸುವರ್ಣಯುಗ ಮಾಡಬೇಕಾಗಿಲ್ಲ. ನೆರಳು ಊರಿನದ್ದಾದರೂ ಬಾವಿಯ ನೀರು ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ. ಛತ್ರಗಳಲ್ಲೂ ಉಣ್ಣುವ ಸಾಲುಗಳು ಬೇರೆ ಬೇರೆ. ದಾರಿಯಲ್ಲಿ ರಾತ್ರಿ ಕಳೆಯುವ ಈ ಕಥೆಗಳಲ್ಲಿ ಹೆಂಗಸರು ಕಾಣಿಸುವುದೂ ಕಡಿಮೆ. ಅಜ್ಜಿ ಒಮ್ಮೆಯೂ ಆ ಜಾತ್ರೆಗೆ ಗಾಡಿಯಲ್ಲಿ ಹೋದವಳಲ್ಲ. ಬುತ್ತಿ ಕಟ್ಟಿಕೊಟ್ಟವಳು ಮಾತ್ರ ಅವಳೇ.

ಇದೇ ನೆಲದಲ್ಲಿ ಇನ್ನೊಂದು ಬಗೆಯ ಬಿಡಾರವೂ ಇತ್ತು. ಅದು ಅಧಿಕಾರದ ಡೇರೆ. ಟಿಪ್ಪು 1799ರಲ್ಲಿ ಮಡಿದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿ, ಬೆಳೆ, ಕಸುಬು, ಜಾತಿಗಳ ವಿವರಗಳನ್ನು ದಿನಚರಿಯಂತೆ ಬರೆದಿಟ್ಟ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆಮೇಲೆ ಬಂದ ಕಮಿಷನರುಗಳು, ಅಮಲ್ದಾರರು ‘ಮೊಕ್ಕಾಂ’ ಹೂಡಿಯೇ ಆಡಳಿತ ನಡೆಸಿದರು. ಸಾಹೇಬರ ಡೇರೆ ಬಂದರೆ ಊರಿಗೆ ಸಂಭ್ರಮಕ್ಕಿಂತ ಆತಂಕವೇ ಹೆಚ್ಚು. ಸೌದೆ, ಹುಲ್ಲು, ಹಾಲು, ಕೋಳಿ ಒದಗಿಸಬೇಕು, ಬಿಟ್ಟಿ ಚಾಕರಿ ಮಾಡಬೇಕು. ಮಾರ್ಕ್ ಕಬ್ಬನ್ ಕಮಿಷನರಾಗಿದ್ದ 1834ರಿಂದ 1861ರ ಅವಧಿಯಲ್ಲಿ ರಸ್ತೆಗಳು ಹೆಚ್ಚಿದವು. ಕಾಲಕ್ರಮೇಣ ರಸ್ತೆಯುದ್ದಕ್ಕೂ ಪ್ರವಾಸಿ ಬಂಗಲೆಗಳು ಎದ್ದವು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಜನ ಇಂದಿಗೂ ‘ಐಬಿ’ ಎಂದು ಕರೆಯುವ ಕಟ್ಟಡ ಆ ಪರಂಪರೆಯದೇ. ಅದರ ಕಾಂಪೌಂಡಿನೊಳಗೆ ರೈತನ ಗಾಡಿಗೆ ಜಾಗವಿರಲಿಲ್ಲ.

ಮೂರನೆಯ ಬಿಡಾರ ಅಲೆಮಾರಿಗಳದ್ದು. ಲಂಬಾಣಿಗಳು ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖನ್ನಿನ ಉದ್ದಗಲ ಸಾಗಿಸುತ್ತಿದ್ದರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಪೂರೈಸಿದವರಲ್ಲಿ ಅವರೂ ಇದ್ದರು. ‘ಕ್ಯಾರವಾನ್’ ಪದದ ಮೂಲ ಅರ್ಥಕ್ಕೆ ಈ ನಾಡಿನಲ್ಲಿ ಯಾರಾದರೂ ಒಪ್ಪುವುದಾದರೆ ಅದು ಇವರೇ. ಆದರೆ ರಸ್ತೆ, ರೈಲು ಬಂದು ಆ ಕಸುಬು ಕುಸಿದಾಗ ಅಲೆದಾಟವೇ ಅನುಮಾನಕ್ಕೆ ಕಾರಣವಾಯಿತು. ಬ್ರಿಟಿಷ್ ಇಂಡಿಯಾದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ. ಕಾಯ್ದೆ ಹೋದರೂ ಕಣ್ಣು ಬದಲಾಗಿಲ್ಲ. ಊರಾಚೆ ಪ್ಲಾಸ್ಟಿಕ್ ಹೊದಿಸಿದ ಗುಡಾರ ಕಂಡರೆ ‘ಯಾರವರು, ಯಾವಾಗ ಹೋಗ್ತಾರೆ?’ ಎಂದು ಕೇಳುತ್ತೇವೆ. ನೈಲಾನಿನ ಟೆಂಟ್ ಕಂಡರೆ ‘ರಾತ್ರಿಗೆ ಎಷ್ಟು?’ ಎಂದು ಕೇಳುತ್ತೇವೆ.

ಪ್ರವಾಸ ಬೆಳೆಯುವುದು ತಪ್ಪಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿವೆ. ನೆರೆಯ ಕೇರಳ 2021ರಲ್ಲೇ ‘ಕೆರವಾನ್ ಕೇರಳ’ ಎಂಬ ಯೋಜನೆ ತಂದಿದೆ. ನಮ್ಮಲ್ಲೂ ಇಂಥ ವಾಹನಗಳು, ಶಿಬಿರಗಳು ಹೆಚ್ಚಬಹುದು. ಅವುಗಳಿಂದ ನಾಲ್ಕು ಜನರಿಗೆ ಕೆಲಸ ಸಿಕ್ಕರೆ ಒಳ್ಳೆಯದೇ. ಆದರೆ ಬಾಡಿಗೆ ಕೊಡಲಾರದ ದಾರಿಹೋಕನಿಗೂ ಜಾಗ ಉಳಿಯಬೇಕು. ಅದು ಆಗದ ಮಾತೇನಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕಕ್ಕೆ ಯಾತ್ರಿಕರಿಗಾಗಿ ಬಯಲಿನಲ್ಲಿ ತಾತ್ಕಾಲಿಕ ಉಪನಗರಗಳೇ ಎದ್ದಿದ್ದವು. ಮನಸ್ಸು ಮಾಡಿದರೆ ನೀರು, ಶೌಚಾಲಯ, ದೀಪದ ವ್ಯವಸ್ಥೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಗ್ರಾಮದ ಸಾಮಾನ್ಯ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಉಳಿದಿರುವ ಗುಂಡುತೋಪುಗಳನ್ನು ಗುರುತಿಸಿ, ಒಂದು ಕೊಳಾಯಿ ಹಾಕಿಸಿ, ಕುರಿಗಾಹಿಗೂ ಸೈಕಲ್ ಸವಾರನಿಗೂ ಲಾರಿ ಚಾಲಕನಿಗೂ ತೆರೆದಿಡುವುದು ಪಂಚಾಯಿತಿಗೆ ಮೀರಿದ ಕೆಲಸವೇನಲ್ಲ.

ಅಂದು ಸಂಜೆ ವಾಪಸು ಬರುವಾಗ, ತೋಪಿನಿಂದ ಹೊರಡುವ ಮುನ್ನ ಅವರೆಲ್ಲ ಏನು ಮಾಡುತ್ತಿದ್ದರು ಎಂದು ದೊಡ್ಡಪ್ಪನನ್ನು ಕೇಳಿದೆ. ಬೂದಿಗೆ ನೀರು ಹಾಕಿ, ಸಗಣಿಯನ್ನು ಒಂದು ಕಡೆ ಗುಡ್ಡೆ ಮಾಡುತ್ತಿದ್ದರಂತೆ.

“ಒಲೆ ಕಲ್ಲು?”

“ಅದನ್ನ ಯಾರು ತೆಗೀತಾರೆ? ಹಿಂದೆ ಬರೋರಿಗೆ ಬೇಕಲ್ಲ.”