ರಥಬೀದಿಯ ಅಳತೆಯಲ್ಲಿ ಗೋಕರ್ಣ

ಗೋಕರ್ಣದ ಪೇಟೆಗೆ ಅಳತೆ ಹಾಕಿಕೊಟ್ಟದ್ದು ಮಹಾಬಲೇಶ್ವರನ ದೊಡ್ಡ ರಥ. ಶಿವರಾತ್ರಿಯ ಸಮಯದಲ್ಲಿ ಅದು ಬೀದಿಗಿಳಿದರೆ ಎರಡೂ ಬದಿಯ ಮಾಡಿಗೆ ತಾಗದೆ ಸಾಗಬೇಕು, ಹಗ್ಗ ಹಿಡಿದವರಿಗೂ ಬಾಳೆಹಣ್ಣು ಎಸೆಯುವ ಭಕ್ತರಿಗೂ ಜಾಗ ಬೇಕು. ಬೀದಿಯತ್ತ ಚಾಚಿ ಕಟ್ಟಬಾರದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿರಲಿಲ್ಲ.

1801ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕನನ್ ಬಂದಾಗ ಗೋಕರ್ಣ ತೆಂಗಿನಮರಗಳ ನಡುವೆ ಚದುರಿದ ಊರು. ಈಗಲೂ ರಥಬೀದಿಯಲ್ಲಿ ಉಳಿದಿರುವ ಹಳೆಯ ಮನೆಗಳನ್ನು ನಿಂತು ನೋಡಿ. ಚಿರೆಕಲ್ಲಿನ ಗೋಡೆ, ತಗ್ಗಿದ ಹೆಂಚಿನ ಮಾಡು, ಮರದ ಕಂಬ, ಬೀದಿಗೆ ಮುಖಮಾಡಿದ ಜಗಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಯ ಎರಚಲನ್ನು ಆ ಇಳಿಜಾರು ಮಾಡು ತಡೆಯುತ್ತದೆ. ಬಿಸಿಲಲ್ಲಿ ನಡೆದು ಬಂದ ಯಾತ್ರಿಕ ಕೇಳದೆಯೇ ಜಗಲಿಯಲ್ಲಿ ಕೂರಬಹುದು. ಮನೆ ಖಾಸಗಿ, ಜಗಲಿ ಅರ್ಧ ಊರಿನದು. ಅದನ್ನು ಒಡೆದು ರೋಲಿಂಗ್ ಶಟರ್ ಹಾಕಿದಲ್ಲೆಲ್ಲ ಅಂಗಡಿಯೇನೋ ದೊಡ್ಡದಾಯಿತು, ಬೀದಿಯಲ್ಲಿ ಕೂರುವ ಜಾಗ ಹೋಯಿತು.

1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಓಂ, ಕುಡ್ಲೆ ಕಡಲತೀರಗಳ ಹೆಸರು ದೂರದೂರ ಹಬ್ಬಿತು. ಯಾತ್ರಿಕರ ಊರಿಗೆ ಪ್ರವಾಸಿಗರೂ ಸೇರಿದರು. ಬಂದವರನ್ನು ದೂರುವುದರಲ್ಲಿ ಅರ್ಥವಿಲ್ಲ, ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅವರಿಂದಲೇ. ಆದರೆ ಅವರಿಗಾಗಿ ಎದ್ದ ಕಟ್ಟಡಗಳಿಗೆ ರಥದ ಅಳತೆಯೂ ಇಲ್ಲ, ಮಳೆಯ ನೆನಪೂ ಇಲ್ಲ.

ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ, 2011 ಮತ್ತು 2019ರಲ್ಲಿ ಬದಲಾಗಿದೆ. ಸಮುದ್ರದಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕು ಎಂಬುದನ್ನು ಅದು ಹೇಳುತ್ತದೆ. ಪೇಟೆಯ ಮುಖ ಹೇಗಿರಬೇಕು ಎಂದು ಹೇಳುವುದು ಅದರ ಕೆಲಸವಲ್ಲ. ಮನೆ ಕಟ್ಟಲು ಪರವಾನಿಗೆ ಕೊಡುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಗೆ ಕೊಟ್ಟಿದೆ. ಊರಿನ ರೂಪದ ಮಾತು ಅಲ್ಲಿಂದಲೇ ಶುರುವಾಗಬೇಕು.

ನೋಟಕ್ಕಿಂತ ಮೊದಲು ನೀರು. ಕೋಟಿತೀರ್ಥ ಎಂಬ ಪುಷ್ಕರಣಿಯ ಸುತ್ತ ಮನೆಗಳಿವೆ, ಮೆಟ್ಟಿಲಲ್ಲಿ ಸ್ನಾನ, ಪಿತೃಕಾರ್ಯ ನಡೆಯುತ್ತದೆ. ಕಡಲಂಚಿನ ಮರಳು ನೆಲದಲ್ಲಿ ಇಂಗುಗುಂಡಿಯ ಕೊಳೆ ಪಕ್ಕದ ಬಾವಿಗೆ ಬೇಗ ಇಳಿಯುತ್ತದೆ. ಹತ್ತು ಕೋಣೆಯ ವಸತಿಗೃಹಕ್ಕೆ ಒಪ್ಪಿಗೆ ಕೊಡುವಾಗ ಅದರ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳದಿದ್ದರೆ, ಮುಂಭಾಗಕ್ಕೆ ಹೆಂಚು ಹೊದಿಸಿ ಪ್ರಯೋಜನವಿಲ್ಲ.

ಗೋಕರ್ಣದ ಪಂಚಾಯ್ತಿಯಲ್ಲೂ ಊರವರಲ್ಲೂ ನನ್ನ ವಿನಂತಿ ಇಷ್ಟೇ. ರಥಬೀದಿಗೂ ಕೋಟಿತೀರ್ಥದ ಸುತ್ತಿಗೂ ಸೇರಿಸಿ ಒಂದು ಕಟ್ಟುಪಾಡು ಬರೆಯಿರಿ: ಜಗಲಿ ಉಳಿಯಲಿ, ಮಾಡಿನ ಎತ್ತರಕ್ಕೆ ಮಿತಿಯಿರಲಿ, ವಾಹನ ಪೇಟೆಯ ಹೊರಗೇ ನಿಲ್ಲಲಿ, ಚರಂಡಿಯ ದಾರಿ ತೋರಿಸದೆ ಯಾರಿಗೂ ಪರವಾನಿಗೆ ಬೇಡ. ಹಳೆಯ ಮನೆ ಉಳಿಸಿಕೊಂಡವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡಿ. ರಿಪೇರಿಯ ಖರ್ಚನ್ನು ಅವರೊಬ್ಬರ ಮೇಲೇ ಬಿಡುವುದು ನ್ಯಾಯವಲ್ಲ.